ಕಾದ ಕಬ್ಬಿಣದ ಮದ್ದು

ಮಧುಗಿರಿ ಆಸ್ಪತ್ರೆಯ ಜಗಲಿಯಲ್ಲಿ ಸರದಿ ಕಾಯುತ್ತಿದ್ದ ಸಿದ್ದಗಂಗಮ್ಮನ ಮೂಗಿಗೆ ಸುಟ್ಟ ಗಾಯದ ಕೀವಿನ ನಾತ ಬಡಿಯಿತು. ಪಕ್ಕದಲ್ಲಿ ಬೀಗಿತ್ತಿಯರಿಬ್ಬರ ನಡುವೆ ಹಣೆ ತುಂಬ ಬರೆ ಎಳೆಸಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು.

“ಮೂರ್ಚೆ ಬಂದಾಗ ಮೂಗಿಗೆ ಎಕ್ಕಡ ಹಿಡ್ದಿದ್ದು ಸಾಲ್ದೆ, ಬರೆ ಬೇರೆ ಎಳ್ದ್ರಾ?” ಅಂದಳು ಹುಡುಗಿಯ ತಾಯಿ ಓಬಕ್ಕ.

“ಎಕ್ಕಡಕ್ಕೆ ಬಗ್ಗಲಿಲ್ವಲ್ಲ. ಅದು ದೆವ್ವದ ಗಾಳಿ ಕಣಕ್ಕ,” ಅಂದಳು ಅತ್ತೆ ಮುದ್ದಕ್ಕ.

“ತಲೆಯೊಳ್ಗೆ ರಕ್ತನಾಳ ಗಂಟುಕಟ್ಟಿ ಒಸರ್ತಿರಬೋದು ಅಂದ್ರಲ್ಲ ಡಾಕ್ಟ್ರು. ಈಗ್ಲೇ ಬೆಂಗ್ಳೂರಿಗೆ ಕರ್ಕಂಡೋಗ್ತೀನಿ.”

“ಬುರುಡೆ ಕೊಯ್ಸಾಕಾ? ಕೊಯ್ದ ತಲೆ ನಮ್ಮನೆಗೆ ಬ್ಯಾಡ.”

“ಸುಟ್ಟ ತಲೆ ಆಯ್ತದಾ?”

“ಹೋಗಾದಾದ್ರೆ ತಾಳಿ ಬಿಚ್ಚಿಟ್ಟು ಹೋಗ್ಲಿ.”

ಹುಡುಗಿ ಮೊದಲ ಸಲ ಬಾಯಿಬಿಟ್ಟಳು. “ನೀವೇ ಬಿಚ್ಕಳಿ ಅತ್ತೆ. ನಂಗೆ ಎಡಗೈ ಏಳಾಕಿಲ್ಲ.”

ಮುದ್ದಕ್ಕ ಕೈ ಚಾಚಲಿಲ್ಲ. ಓಬಕ್ಕ ಮಗಳ ಸೊಂಟಕ್ಕೆ ಆಸರೆ ಕೊಟ್ಟು ಬೆಂಗಳೂರು ಬಸ್ಸಿನತ್ತ ನಡೆಸಿಕೊಂಡು ಹೋದಳು.