ಟ್ಯಾಂಕ್ ಬಿಚ್ಚೋ ಮುಂಚೆ

ದೀಪ ಹಾಗೇ ಇರ್ಲಿ, ಆರಿಸ್ಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನನ್ನ ಚಿಕ್ಕಪ್ಪನ ಮಗನಿಗೇ ಆಗಿದ್ದು. ಅರ್ಧ ನಾನೇ ಕಣ್ಣಾರೆ ನೋಡಿದ್ದು. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ, ಈಗಲೇ ಹೇಳಿರ್ತೀನಿ.

ಅವನದು ಬೈಕ್ ರಿಪೇರಿ ಕೆಲಸ. ಅವತ್ತು ಅಂಗಡಿ ಬಾಗಿಲೆಳೆದು ಹೊರಟಾಗ ಹನ್ನೊಂದು ದಾಟಿತ್ತು. ಮನೆಗೆ ಬರೋ ದಾರೀಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಅದರ ಪಕ್ಕ ಬಂದಾಗ... ತೊಟ್. ಬಾವಿಯೊಳಗೆ ನೀರು ಬಿತ್ತೇನೋ ಅಂದ್ಕೊಂಡ. ಆದ್ರೆ ಆ ಬಾವಿ ಬತ್ತಿ ಎಷ್ಟೋ ವರ್ಷ ಆಯ್ತು. ಎರಡು ಹೆಜ್ಜೆ ಹಾಕಿದ... ತೊಟ್... ತೊಟ್. ಬೆನ್ನ ಹಿಂದೇನೇ. ತಿರುಗಿದ. ಯಾರೂ ಇಲ್ಲ. ಪೆಟ್ರೋಲ್ ವಾಸನೆ ಮಾತ್ರ ಗಪ್ಪಂತ ಮೂಗಿಗೆ ಬಡೀತು.

ಅಂಗಿ ಮೂಸಿ ನೋಡ್ಕೊಂಡ. ಅದರಲ್ಲಿಲ್ಲ. ಆಗ ಎದೆ ಝಲ್ ಅಂತು. ಬೆಳಿಗ್ಗೆ ಟ್ಯಾಂಕ್ ಬಿಚ್ಬೇಕು ಅಂತ ಒಂದು ಬೈಕನ್ನ ಒಳಗೆ ನಿಲ್ಲಿಸಿ ಬಂದಿದ್ದ. ಅದರ ಟ್ಯಾಂಕ್ ಕೆಳಗೆ ಪೆಟ್ರೋಲ್ ಬಿಡೋ ನಲ್ಲೀನ ಮುಚ್ಚಿದ್ನಾ, ಇಲ್ವಾ?

ಇಷ್ಟಕ್ಕೇ ಯಾಕೆ ಅಷ್ಟು ಬೆವರಿದ ಅಂತ ಹೇಳ್ಬೇಕು. ಹೇಳೋಕೆ ನನಗೇ ನಾಚಿಕೆ.

ಆ ಅಂಗಡಿ ಮೊದಲು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯದ್ದು. ಟ್ಯಾಂಕ್ ಎತ್ತೋ ವಿಷಯದಲ್ಲಿ ಮೇಸ್ತ್ರಿ ಬಲು ಕಟ್ಟುನಿಟ್ಟು. ಇಬ್ಬರು ಇರ್ಲೇಬೇಕು. ಒಬ್ಬ ಟ್ಯಾಂಕ್ ಕೆಳಗಿನ ನಲ್ಲಿ ಮುಚ್ಚೋದು, ಇನ್ನೊಬ್ಬ "ಮುಚ್ಚಿದ್ಯಾ?" ಅಂತ ಕೇಳೋದು. "ಮುಚ್ಚಿದೆ" ಅನ್ನೋ ಮಾತು ಕಿವಿಗೆ ಬಿದ್ದ ಮೇಲೇನೇ ಪೈಪ್ ಎಳೆಯೋದು. ಪೈಪಿನಲ್ಲಿ ಉಳಿದ ನಾಲ್ಕು ಹನಿಗೂ ಡಬ್ಬಿ ಹಿಡಿಯೋರು. ನೆಲಕ್ಕೆ ಬಿದ್ರೆ, "ಯಾರಪ್ಪನ ಮನೆ ಗಂಟು ಅಂತ ಚೆಲ್ತೀಯೋ!" ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈಯೋರು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ. ಆಗಷ್ಟೇ ಓಡಿಸ್ಕೊಂಡು ಬಂದ ಬೈಕು, ಸೈಲೆನ್ಸರ್ ಕಾದು ಕೆಂಡ ಆಗಿತ್ತು. ಮೇಸ್ತ್ರಿ "ಮುಚ್ಚಿದ್ಯಾ?" ಅಂದ್ರು. ನಮ್ಮ ಮಹಾನುಭಾವ ಫೋನಿನಲ್ಲಿ ಯಾವನ ಜೊತೆಗೋ ಹಲ್ಲು ಕಿರೀತಾ, ತಲೆ ಕೂಡ ಎತ್ತದೆ, "ಮುಚ್ಚಿದೆ" ಅಂದ. ಮುಚ್ಚಿರ್ಲಿಲ್ಲ. ಅವರು ನಂಬಿ ಪೈಪ್ ಎಳೆದ್ರು. ಚುಯ್... ಭುಗ್. ಎರಡು ದಿನ ಆಸ್ಪತ್ರೇಲಿದ್ದು ಹೋಗ್ಬಿಟ್ರು.

ಕೇಳೋಕೆ ಬಂದವರಿಗೆಲ್ಲ ಇವನು ಹೇಳಿದ್ದು ಒಂದೇ ಮಾತು. "ಮೇಸ್ತ್ರೀನೇ ಮರೆತ್ಬಿಟ್ರು." ಎಲ್ಲರೂ ನಂಬಿದ್ರು. ನಾನೂ ನಂಬಿದೆ. ನಂಬಿ ಸುಮ್ಮನಿದ್ನಾ? ಅವರ ಹೆಂಡತಿ ಪಕ್ಕದಲ್ಲೇ ಹೋಗ್ತಿದ್ದಾಗ, "ಇನ್ನೊಬ್ಬರಿಗೆ ಬುದ್ಧಿ ಹೇಳೋರಿಗೆ ತಮ್ಮ ಕೈ ಮೇಲೆ ನಿಗಾ ಬೇಡ್ವಾ?" ಅಂತ ನಾಲ್ಕು ಜನರ ಮುಂದೆ ಅಂದೆ. ಅವರಿಗೆ ಕೇಳಿಸ್ತು. ಹೆಜ್ಜೆ ಬೇಗ ಬೇಗ ಹಾಕ್ಕೊಂಡು ಹೋದ್ರು. ಆಮೇಲೆ ಆ ಬೀದಿಗೇ ಬರೋದು ಬಿಟ್ರು. ಈ ನಾಲಿಗೆ ಸೀದು ಹೋಗ್ಬೇಕಿತ್ತು.

ಇರ್ಲಿ. ಅವನು ಅಂಗಡಿಗೆ ವಾಪಸ್ ಓಡಿದ. ಬಾಗಿಲು ಅರ್ಧ ಎತ್ತಿದ, ಕರ್‍ರ್... ಕಿಡಿ ಹಾರೀತು ಅಂತ ಸ್ವಿಚ್ ಮುಟ್ಟಲಿಲ್ಲ. ಬೀದಿ ದೀಪದ ಬೆಳಕು ಬೈಕಿನ ತನಕ ಬರ್ತಿತ್ತು. ಮಂಡಿಯೂರಿ ಟ್ಯಾಂಕ್ ಕೆಳಗೆ ಕೈ ಹಾಕಿದ. ನಲ್ಲಿ ಬೆರಳಿಗೆ ಸಿಗೋ ಮೊದಲೇ... ಬೈಕಿನ ಆ ಕಡೆಯಿಂದ, ಪಕ್ಕದಲ್ಲೇ ಕೂತಿರೋರ ಹಾಗೆ, ಪಿಸುದನಿ.

"ಮುಚ್ಚಿದ್ಯಾ?"

ಬಗ್ಗಿ ನೋಡಿದ. ಆ ಕಡೆ ಯಾರ ಕಾಲೂ ಇಲ್ಲ. ಅಭ್ಯಾಸ ನೋಡಿ... "ಮುಚ್ಚಿದೆ" ಅನ್ನೋ ಮಾತು ಆಗಲೂ ನಾಲಿಗೆ ತುದೀಗೆ ಬಂದಿತ್ತಂತೆ! ನುಂಗಿದ.

"ಮುಚ್ಚಿದ್ಯಾ?"

"ಸಿಟ್ಟಿರ್ಲಿಲ್ಲ ಅಕ್ಕಾ," ಅಂದ ಆಮೇಲೆ ನನ್ನ ಹತ್ರ. "ದಿನಾ ಕೇಳೋ ಹಾಗೇ ಕೇಳಿದ್ರು. ಇನ್ನೂ ನನ್ನ ಮಾತು ನಂಬ್ತಾರೇನೋ ಅನ್ನೋ ಹಾಗೆ. ಅದನ್ನ ತಡ್ಕೊಳ್ಳೋಕಾಗ್ಲಿಲ್ಲ."

"ಇಲ್ಲ," ಅಂದನಂತೆ. "ಮುಚ್ಚಿಲ್ಲ. ಅವತ್ತೂ ಮುಚ್ಚಿರ್ಲಿಲ್ಲ, ಮೇಸ್ತ್ರಿ..."

ಕಟಕ್.

ಅವನ ಬೆರಳಿನ ಪಕ್ಕದಲ್ಲೇ ನಲ್ಲಿ ತಿರುಗ್ತು. ಅವನು ತಿರುಗಿಸಿದ್ದಲ್ಲ.

ಎದ್ದೆನೋ ಬಿದ್ದೆನೋ ಅಂತ ಹೊರಗೆ ಬಂದು, ಬೀಗ ಜಡಿದು, ನಮ್ಮ ಮನೆ ಕದ ಬಡಿದ. ಎಲ್ಲ ಹೇಳಿ ಗೊಳೋ ಅಂತ ಅತ್ತ. ನಾನು ಸಮಾಧಾನ ಮಾಡ್ಲಿಲ್ಲ. ಯಾವ ಮುಖ ಇಟ್ಕೊಂಡು ಮಾಡ್ಲಿ? ಮತ್ತೆ ಅಲ್ಲಿಗೇ ಓಡಿಯಾನು ಅಂತ ಅಂಗಡಿ ಕೀ ಕಿತ್ಕೊಂಡು ನನ್ನ ದಿಂಬಿನ ಕೆಳಗೆ ಇಟ್ಕೊಂಡೆ. ಅದೊಂದೇ ಕೀ ಇರೋದು. ಇಬ್ಬರೂ ಕಣ್ಣು ಮುಚ್ಚಲಿಲ್ಲ.

ಬೆಳಕು ಹರೀತಿದ್ದ ಹಾಗೆ ಮೇಸ್ತ್ರಿ ಹೆಂಡತಿ ಮನೆಗೆ ಹೋದ್ವಿ. ಹೊಸಿಲು ದಾಟೋ ಧೈರ್ಯ ಬರಲಿಲ್ಲ. ಅಲ್ಲೇ ನಿಂತು ಅವನು ತನ್ನದು ಹೇಳಿದ, ನಾನು ನನ್ನದು ಹೇಳಿದೆ. ಅವರು ಬೈಯಲೂ ಇಲ್ಲ, ಅಳಲೂ ಇಲ್ಲ. ಚಪ್ಪಲಿ ಮೆಟ್ಕೊಂಡ್ರು.

"ಇಲ್ಲಿ ನನ್ನ ಕಿವೀಲಿ ಪಿಸಿಪಿಸಿ ಬೇಡ. ಅಂಗಡಿ ಮುಂದೆ ಹೇಳು. ಅವರ ತಲೆ ಮೇಲೆ ಹೊರಿಸಿದ್ದೂ ಅಲ್ಲೇ ತಾನೇ?"

ಹೇಳಿದ. ಎದುರಿನ ದರ್ಜಿ, ಪಕ್ಕದ ಕ್ಷೌರದಂಗಡಿಯವನು, ಬೈಕ್ ಕೇಳೋಕೆ ಬಂದವನು, ಎಲ್ಲರಿಗೂ ಕೇಳೋ ಹಾಗೆ. ದರ್ಜಿ ಥೂ ಅಂತ ಉಗಿದ. ಇವನು ಮುಖ ತಿರುಗಿಸಲಿಲ್ಲ. ನಾಲ್ಕು ವರ್ಷ ಆಕೆ ನುಂಗಿದ್ದರ ಮುಂದೆ ಅದು ಯಾವ ಮಹಾ?

ಆಮೇಲೆ ನಾನು ಕೀ ಕೊಟ್ಟೆ. ಬಾಗಿಲು ಎತ್ತಿದ.

ಬೈಕಿನ ಮೇಲೆ ಟ್ಯಾಂಕ್ ಇರ್ಲಿಲ್ಲ.

ಕೆಳಗೆ, ಮಡಚಿದ ಗೋಣಿಚೀಲದ ಮೇಲೆ, ನೆಟ್ಟಗೆ ಇಟ್ಟಿತ್ತು. ಬಿಚ್ಚಿದ ನಟ್ಟು ಬೋಲ್ಟುಗಳೆಲ್ಲ ಒಂದು ತಟ್ಟೇಲಿದ್ವು. ಮೇಸ್ತ್ರಿ ಹೆಂಡತಿ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತ್ಬಿಟ್ರು.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನಾನೇ ಬಗ್ಗಿ ಆ ನೆಲ ಪೂರ್ತಿ ಅಂಗೈಯಲ್ಲಿ ಸವರಿ, ಕೈ ಮೂಸಿ ನೋಡಿದೆ. ಒಂದು ಹನಿ ಚೆಲ್ಲಿರ್ಲಿಲ್ಲ.