ಶನಿವಾರದ ಕೌದಿ

ಟೆಕ್ಸಸ್ಸಿನ ಸುಟ್ಟಮಾಂಸದ ಹೋಟೆಲೊಂದರ ಸಾಲಿನಲ್ಲಿ ನಿಂತಿದ್ದ ಡೆಲ್ಬರ್ಟನ ಕಿವಿ ಮುಂದಿದ್ದ ಮುದಿ ದಂಪತಿಯ ಮಾತಿನ ಮೇಲೇ ಇತ್ತು.

“ಗಳಿಗೆಗೊಂದ್ಸಲ ಸೊಂಟ ಮುಟ್ಕೋಬೇಡಿ. ಪಿಸ್ತೂಲಿದೆ ಅಂತ ಊರಿಗೆಲ್ಲ ಡಂಗುರ ಸಾರ್ತಿದೀರಿ.”

ಡೆಲ್ಬರ್ಟ್ ಒಂದು ಹೆಜ್ಜೆ ಹಿಂದೆ ಸರಿದ.

“ಭಾರ ಕಣೇ ಅರ್ಲೀನ್, ಪ್ಯಾಂಟೇ ಜಾರತ್ತೆ.”

“ಸಣ್ಣದು ತಗೊಳ್ಳಿ, ಟ್ರಿಗರ್ ಮುಚ್ಚೋ ಗಟ್ಟಿ ಚೀಲದಲ್ಲಿಡಿ ಅಂದೆ. ಕೇಳಿದ್ರಾ?”

“ನಿಂಗೇನೇ ಗೊತ್ತು ಇದೆಲ್ಲ?”

“ನಂದು ಯಾವತ್ತಾದ್ರೂ ನಿಮ್ಮ ಕಣ್ಣಿಗೆ ಬಿದ್ದಿದ್ಯಾ?”

ಮುದುಕನ ಕೈ ಸೊಂಟದಲ್ಲೇ ನಿಂತಿತು.

“ನಿನ್ ಹತ್ರಾನೂ ಇದ್ಯಾ! ಗುರಿ ಹಿಡಿಯೋದು ಎಲ್ಲಿ ಕಲ್ತೆ?”

“ಪ್ರತಿ ಶನಿವಾರ ಹೋಗ್ತೀನಲ್ಲ.”

“ಅದು ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯೋಕಲ್ವಾ?”

“ಇಷ್ಟು ವರ್ಷದಲ್ಲಿ ಮನೆಗೆ ಒಂದಾದ್ರೂ ಕೌದಿ ಬಂದಿದ್ಯೇನ್ರೀ?”

ಅರ್ಲೀನ್ ತಟ್ಟೆ ಎತ್ತಿಕೊಂಡು ಹೊರಟಳು. ಮುದುಕ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ಹಿಂಬಾಲಿಸಿದ.