ಭಾವನ ಕೈಯಲ್ಲಿದ್ದ ಫೋನು

ಬಸ್ಸಿಗೆ ಕಾಯುತ್ತಿದ್ದ ಹೊಲಿಗೆಯಾಕೆಗೆ ಪಕ್ಕದವರ ಮಾತು ಕೇಳುವ ಚಾಳಿ ಇರಲಿಲ್ಲ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಪೇಂಟರ್ ತನ್ನ ಫೋನನ್ನು ಭಾವನ ಕೈಗೆ ಕೊಟ್ಟು, ಅದರ ಎದುರು ಮಾತ್ರೆ ನುಂಗಿ, ಬಾಯಿ ಅಗಲಿಸಿ ತೋರಿಸಿದ.

“ಯಾರಿಗೋ ಈ ದರ್ಶನ?”

“ನಮ್ಮ ದೇಶದ ನರ್ಸಮ್ಮನಿಗೆ, ಭಾವ. ಟಿಬಿ ಮಾತ್ರೆ ದಿನಾ ಅವರೆದುರಿಗೇ ನುಂಗ್ಬೇಕು. ಕೆಲಸಕ್ಕೆ ಗಡಿ ದಾಟಿ ಇಲ್ಲಿಗೆ ಬಂದ್ರೂ ಬಿಡಲಿಲ್ಲ ಮಹಾತಾಯಿ.”

“ಕೆಮ್ಮು ಹೋಗಿ ಎರಡು ತಿಂಗಳಾಯ್ತಲ್ಲ.”

“ಕೆಮ್ಮು ಹೋದ್ರೆ ಕಾಯಿಲೆ ಹೋದ ಹಾಗಲ್ವಂತೆ. ಇನ್ನೂ ಮೂರು ತಿಂಗಳಿದೆ.”

“ಅಷ್ಟಕ್ಕೂ ಮಾತ್ರೆ ಇದೆಯಾ?”

“ನಾಲ್ಕು ದಿನಕ್ಕಿದೆ.”

“ಇಲ್ಲಿನ ಆಸ್ಪತ್ರೇಲಿ ಕೇಳು.”

“ಮೇಸ್ತ್ರಿಗೆ ಗೊತ್ತಾದ್ರೆ ಅನ್ನಕ್ಕೆ ಕಲ್ಲು ಬೀಳುತ್ತೆ.”

“ಮತ್ತೆ ಐದನೇ ದಿನ ಏನು ನುಂಗ್ತೀಯ?”

“ಕೆಂಪು ಪೆಪ್ಪರ್‌ಮೆಂಟು. ಅಷ್ಟೇ ದಪ್ಪ, ನೋಡಿಟ್ಟಿದ್ದೀನಿ.”

ಭಾವ ಕೈಯಲ್ಲಿದ್ದ ಫೋನನ್ನು ನೋಡಿದ.

“ಈ ಕಾಲ್ ಕಟ್ ಮಾಡೋದು ಹೇಗೋ?”

“ಇನ್ನೂ ಮಾಡಿಲ್ವಾ?”

“ಮಾಡಿಲ್ಲ,” ಎಂದರು ಫೋನಿನೊಳಗಿಂದ ನರ್ಸಮ್ಮ. “ನಿನ್ನ ಕಾಗದಪತ್ರ ಅಲ್ಲಿನ ಡಾಕ್ಟರಿಗೆ ಕಳಿಸಿ ವಾರ ಆಯ್ತು. ಅವರು ಮೇಸ್ತ್ರಿಗೆ ಹೇಳಲ್ಲ. ಭಾವನವರೇ, ನೀವೂ ಇವನ ರೂಮಲ್ಲೇ ಮಲಗ್ತೀರಾ?”

“ಹೌದು ಸಿಸ್ಟರ್.”

“ಹಾಗಾದ್ರೆ ನಿಮಗೂ ಪರೀಕ್ಷೆ ಆಗ್ಬೇಕು. ಇಬ್ಬರೂ ಆಸ್ಪತ್ರೆಗೆ ನಡೀರಿ. ಫೋನು ಹೀಗೇ ಇರಲಿ.”

ಬಸ್ಸು ಬಂತು. ಅವರಿಬ್ಬರೂ ಹತ್ತಲಿಲ್ಲ. ಪೇಂಟರ್ ಮುಂದೆ, ಫೋನನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದ ಭಾವ ಹಿಂದೆ, ರಸ್ತೆ ದಾಟಿದರು.

“ನನಗೇನೂ ಆಗಿಲ್ಲ, ಸಿಸ್ಟರ್,” ಭಾವ ಅಂದದ್ದು ಕೇಳಿಸಿತು.

“ಮೊದಲು ಇವನೂ ಹಾಗೇ ಅಂದಿದ್ದ.”